ಚಿಪ್ಪಿನೊಳಗೇ ಕಂಡ ಬೇಸಿಗೆ

ಮೇ ತಿಂಗಳ ಬಿಸಿಲನ್ನು ಕೋಳಿ ಎಷ್ಟು ತಾಳಬಲ್ಲದು? ಉತ್ತರದ ಒಂದು ಪಾಲು ಅದು ಮೊಟ್ಟೆಯೊಡೆದು ಹೊರಬರುವ ಮೊದಲೇ ಬರೆದಾಗಿರುತ್ತದೆ. ಕಾವಿನ ಯಂತ್ರದಲ್ಲಿ 10 ದಿನ, ದಿನಕ್ಕೆ 12 ಗಂಟೆ, 2 ಡಿಗ್ರಿಗೂ ಕಡಿಮೆ ಹೆಚ್ಚುವರಿ ಶಾಖ. ಇಷ್ಟರಿಂದಲೇ ಮರಿಯ ಮೈ ಬಿಸಿಲಿಗೆ ಅಣಿಯಾಗುತ್ತದೆ ಎನ್ನುತ್ತದೆ ವಿಜ್ಞಾನ. ಮಾಂಸದ ಕೋಳಿಯಲ್ಲಿ ಕಂಡ ಈ ಗುಣ ಮೊಟ್ಟೆಯಿಡುವ ಕೋಳಿಗೂ ಒದಗೀತೇ?

ಮಧ್ಯಾಹ್ನ ಎರಡೂವರೆ. ಹೊಸಪೇಟೆಯಿಂದ ಕೊಪ್ಪಳದ ಕಡೆ ಹೋಗುವಾಗ ಹೆದ್ದಾರಿಯಿಂದ ತುಸು ಒಳಗೆ ಸಿಗುವಂಥ ಒಂದು ಲೇಯರ್ ಫಾರಂ, ಅಂದರೆ ಮೊಟ್ಟೆಕೋಳಿಗಳ ಫಾರಂ. ಬೆಳಿಗ್ಗೆ ಹತ್ತರವರೆಗೂ ಶೆಡ್ಡಿನಲ್ಲಿ ಪಕ್ಕದವರ ಮಾತು ಕೇಳಿಸದಷ್ಟು ಗದ್ದಲ. ಮೊಟ್ಟೆ ಇಟ್ಟ ಕೋಳಿಯದೊಂದು ಕೂಗು, ಇಡಲಿರುವ ಕೋಳಿಯದು ಇನ್ನೊಂದು. ಈಗ ಸದ್ದೇ ಇಲ್ಲ.

ಕೇಜುಗಳ ಸಾಲಿನುದ್ದಕ್ಕೂ ಕೊಕ್ಕುಗಳು ತೆರೆದಿವೆ. ಕತ್ತು ಮುಂದಕ್ಕೆ ಚಾಚಿದೆ, ರೆಕ್ಕೆಗಳು ಮೈಯಿಂದ ದೂರ ಸರಿದಿವೆ, ಗಂಟಲು ಒಂದೇ ಸಮನೆ ಅದುರುತ್ತಿದೆ. ಕೆಂಪು ಜುಟ್ಟು ಒಂದು ಪಕ್ಕಕ್ಕೆ ವಾಲಿದೆ. ಪಕ್ಕದ ಜಾಲರಿಗೆ ಕಟ್ಟಿದ ಗೋಣಿಚೀಲಕ್ಕೆ ನೀರು ಹೊಡೆದು ಹತ್ತು ನಿಮಿಷವಾಗಿಲ್ಲ, ಆಗಲೇ ಅರ್ಧ ಒಣಗಿದೆ. ಕರೆಂಟು ಇದ್ದರೆ ಫಾಗರ್ ಮಂಜು ಹನಿಸುತ್ತದೆ, ಇಲ್ಲದಿದ್ದರೆ ಅದೂ ಇಲ್ಲ. ಕೆಲಸದವರು ಮೇವಿನ ತೊಟ್ಟಿಯ ಹತ್ತಿರವೂ ಸುಳಿಯುವುದಿಲ್ಲ. ಈ ಹೊತ್ತಿನಲ್ಲಿ ತಿಂದರೆ ಜೀರ್ಣವಾಗುವಾಗ ಮೈಯೊಳಗೆ ಮತ್ತಷ್ಟು ಬಿಸಿ ಹುಟ್ಟುತ್ತದೆ ಎಂಬುದು ಅವರಿಗೆ ಗೊತ್ತು.

ಬಳ್ಳಾರಿ, ರಾಯಚೂರು, ಕಲಬುರಗಿ ಸೀಮೆಯಲ್ಲಿ ಬೇಸಿಗೆಯ ಪಾದರಸ 40 ದಾಟುವುದು ಯಾರಿಗೂ ಸುದ್ದಿಯಲ್ಲ. ಮೊಟ್ಟೆಯಿಡುವ ಕೋಳಿಗೆ ಹಿತವೆನಿಸುವುದು ಸುಮಾರು 18ರಿಂದ 24 ಡಿಗ್ರಿ. ಈ ಎರಡರ ನಡುವಿನ ಅಂತರವನ್ನೆಲ್ಲ ಅದು ಉಸಿರಿನಿಂದಲೇ ತುಂಬಿಕೊಳ್ಳಬೇಕು.

ಬೆವರಿಲ್ಲದ ಮೈ

ಕೋಳಿಗೆ ಬೆವರು ಗ್ರಂಥಿಗಳಿಲ್ಲ. ಮೈತುಂಬ ಗರಿ. ಮೈಶಾಖವೋ ಮಾಮೂಲಿ ದಿನದಲ್ಲೇ 41 ಡಿಗ್ರಿಯ ಆಸುಪಾಸು. ನಮಗಾದರೆ ಅದು ಆಸ್ಪತ್ರೆಗೆ ಓಡಬೇಕಾದ ಜ್ವರ. ಹೊರಗಿನ ಗಾಳಿಯೂ ಅದೇ ಮಟ್ಟಕ್ಕೆ ಬಂದರೆ ಚರ್ಮದಿಂದ ಶಾಖ ಹೊರಹೋಗುವ ದಾರಿ ಮುಚ್ಚುತ್ತದೆ. ಉಳಿಯುವುದು ಒಂದೇ ದಾರಿ: ಬಾಯಿ ತೆರೆದು ಏದುಸಿರು ಬಿಟ್ಟು, ಗಂಟಲಿನ ಮತ್ತು ಶ್ವಾಸಕೋಶದ ತೇವವನ್ನು ಆವಿಯಾಗಿಸುವುದು. ನಿಮಿಷಕ್ಕೆ 25ರಷ್ಟಿದ್ದ ಉಸಿರಾಟ 150ನ್ನೂ ಮೀರುತ್ತದೆ.

ಇದಕ್ಕೆ ಕೋಳಿ ಕೊಡುವ ಬೆಲೆ ಮೊಟ್ಟೆಯ ಚಿಪ್ಪಿನಲ್ಲಿ ಕಾಣುತ್ತದೆ. ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಒಂದೊಂದು ಚಿಪ್ಪಿಗೂ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಅದು ಕಟ್ಟಿಕೊಳ್ಳಲು ಹತ್ತಿರಹತ್ತಿರ 20 ಗಂಟೆ ಹಿಡಿಯುತ್ತದೆ. ಕ್ಯಾಲ್ಸಿಯಂ ಮೇವಿನಿಂದಲೂ ಮೂಳೆಯಿಂದಲೂ ಬಂದರೆ, ಕಾರ್ಬೊನೇಟ್ ಬರುವುದು ರಕ್ತದಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್‌ನಿಂದ. ಏದುಸಿರು ಬಿಡುವ ಕೋಳಿ ಅದನ್ನೇ ಗಾಳಿಗೆ ತೂರುತ್ತದೆ. ರಕ್ತ ಕ್ಷಾರವಾಗುತ್ತದೆ, ಬಳಸಲು ಸಿಗುವ ಕ್ಯಾಲ್ಸಿಯಂ ಕೂಡ ಇಳಿಯುತ್ತದೆ. ಮೇವು ತಿನ್ನುವುದೂ ಕಡಿಮೆಯಾಗಿರುತ್ತದಲ್ಲ, ಚಿಪ್ಪು ತೆಳುವಾಗುತ್ತದೆ. ಬೇಸಿಗೆಯಲ್ಲಿ ಅಂಗಡಿಯಿಂದ ತಂದ ಮೊಟ್ಟೆ ಬೆರಳು ತಾಗಿದರೆ ಬಿರುಕು ಬಿಡುತ್ತದೆ ಎಂದು ಗೊಣಗುವ ಮುಂಚೆ, ಅದರ ಹಿಂದಿರುವ ಆ ಉಸಿರನ್ನು ಒಮ್ಮೆ ನೆನೆಯಬೇಕು.

ಮೈಶಾಖ 46, 47 ಡಿಗ್ರಿಗೆ ಏರಿದರೆ ಕೋಳಿ ಉಳಿಯುವುದಿಲ್ಲ. ಸಂಜೆ ಶೆಡ್ಡಿನಿಂದ ಹೊರಬರುವ ತಳ್ಳುಗಾಡಿಯಲ್ಲಿ ಆ ದಿನದ ಲೆಕ್ಕವಿರುತ್ತದೆ. ನಮ್ಮ ಪತ್ರಿಕೆಗಳಲ್ಲಿ ಇದು ಮೊಟ್ಟೆ ದರದ ಸುದ್ದಿಯಾಗಿ ಬರುತ್ತದೆ, ಜೀವವೊಂದು ಪಟ್ಟ ಪಾಡಿನ ಸುದ್ದಿಯಾಗಿ ಬಂದದ್ದನ್ನು ನಾನು ಓದಿದ್ದು ತೀರಾ ಅಪರೂಪ.

ಪರಿಹಾರಗಳೇ ಇಲ್ಲವೆಂದಲ್ಲ. ಗೋಡೆ ಮುಚ್ಚಿ, ಒಂದು ತುದಿಯಲ್ಲಿ ಒದ್ದೆ ಪ್ಯಾಡು, ಇನ್ನೊಂದು ತುದಿಯಲ್ಲಿ ದೊಡ್ಡ ಫ್ಯಾನು ಕೂರಿಸಿದ ಶೆಡ್ಡುಗಳು ಬಂದಿವೆ. ದೊಡ್ಡ ಕಂಪನಿಗಳ ಕೈಗೆ ಅವು ಎಟುಕುತ್ತವೆ. ಐದಾರು ಸಾವಿರ ಕೋಳಿ ಸಾಕಿ ಸಾಲದ ಕಂತು ಕಟ್ಟುವ ರೈತನಿಗೆ ಆ ಬಂಡವಾಳವೂ ಕಷ್ಟ, ಆ ವಿದ್ಯುತ್ ಬಿಲ್ಲೂ ಕಷ್ಟ. ಹಾಗಾಗಿಯೇ ಶೆಡ್ಡನ್ನು ಬಿಟ್ಟು ಕೋಳಿಯ ಮೈಯನ್ನೇ ಬಿಸಿಲಿಗೆ ಸಜ್ಜು ಮಾಡಲಾದೀತೇ ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಅದರ ಉತ್ತರ ಹುಡುಕಲು ಶೆಡ್ಡಿನಿಂದ ಹ್ಯಾಚರಿಗೆ, 21 ದಿನಗಳ ಕಾವಿಗೆ ಹೋಗಬೇಕು.

ರೆಪ್ಪೆಯ ಮೇಲೆ ಅಳೆದ ಶಾಖ

ಕೋಳಿಯ ಸಹಾಯವಿಲ್ಲದೆ ಮರಿ ಮಾಡಿಸುವ ವಿದ್ಯೆಗೆ ಎರಡು ಸಾವಿರ ವರ್ಷಕ್ಕೂ ಮೀರಿದ ವಯಸ್ಸು. ಪ್ರಾಚೀನ ಈಜಿಪ್ಟಿನಲ್ಲಿ ಮೊಟ್ಟೆಗಳನ್ನು ಗೊಬ್ಬರದ ಬಿಸಿಯಲ್ಲಿಟ್ಟು ಮರಿ ಮಾಡಿಸುತ್ತಿದ್ದುದನ್ನು ಅರಿಸ್ಟಾಟಲ್ ಬರೆದಿದ್ದಾನೆ. ಆಮೇಲೆ ಅಲ್ಲಿ ಮಣ್ಣಿನ ಇಟ್ಟಿಗೆಯ ದೊಡ್ಡ ಕಾವಿನ ಗೂಡುಗಳು ಬಂದವು, ಒಂದೊಂದರಲ್ಲಿ ಸಾವಿರಾರು ಮೊಟ್ಟೆ. ಥರ್ಮಾಮೀಟರ್ ಇಲ್ಲದ ಕಾಲ. ಗೂಡಿನ ಕೆಲಸಗಾರ ಮೊಟ್ಟೆಯೊಂದನ್ನು ಎತ್ತಿ ತನ್ನ ಕಣ್ಣಿನ ರೆಪ್ಪೆಗೆ ತಾಗಿಸುತ್ತಿದ್ದ. ಮೈಯಲ್ಲಿ ಅಷ್ಟು ತೆಳುವಾದ, ಶಾಖಕ್ಕೆ ಅಷ್ಟು ಬೇಗ ಸ್ಪಂದಿಸುವ ಚರ್ಮ ಬೇರೆಲ್ಲಿದೆ? ಆ ಸ್ಪರ್ಶದಿಂದಲೇ ಬೆಂಕಿ ಹೆಚ್ಚಿಸಬೇಕೋ ಕಿಂಡಿ ತೆರೆಯಬೇಕೋ ಎಂದು ಅವನು ತೀರ್ಮಾನಿಸುತ್ತಿದ್ದ.

18ನೇ ಶತಮಾನದಲ್ಲಿ ಫ್ರಾನ್ಸಿನ ರೆನೆ ರೆಯೋಮೂರ್‌ಗೆ ಈ ಗೂಡುಗಳ ಹುಚ್ಚು ಹಿಡಿಯಿತು. ತನ್ನದೇ ಹೆಸರಿನ ತಾಪಮಾನದ ಅಳತೆಯನ್ನು ಕೊಟ್ಟವನು ಅವನು. ಕೃತಕ ಕಾವಿನ ಬಗ್ಗೆ 1749ರಲ್ಲಿ ಒಂದು ಪುಸ್ತಕವನ್ನೇ ಹೊರತಂದ. ರೆಪ್ಪೆ ಮಾಡುತ್ತಿದ್ದ ಕೆಲಸ ಅಲ್ಲಿಂದ ಅಂಕಿಗೆ ಬಂತು.

ಆ ಅಂಕಿ ಇವತ್ತು ಬಹುಮಟ್ಟಿಗೆ ನಿಶ್ಚಿತ. 37.5ರಿಂದ 37.8 ಡಿಗ್ರಿ, ಗಾಳಿಯಲ್ಲಿ ಐವತ್ತು, ಅರವತ್ತು ಶೇಕಡಾ ತೇವ, ದಿನಕ್ಕೆ ಹಲವು ಬಾರಿ ಮೊಟ್ಟೆ ತಿರುಗಿಸುವುದು. ಹ್ಯಾಚರಿಯ ಯಂತ್ರ ಇದನ್ನು 18 ದಿನ ಕೂದಲೆಳೆಯಷ್ಟೂ ಕದಲದಂತೆ ಕಾಯುತ್ತದೆ, ಕೊನೆಯ ಮೂರು ದಿನಕ್ಕೆ ಮೊಟ್ಟೆಗಳು ಮರಿ ಒಡೆಯುವ ಯಂತ್ರಕ್ಕೆ ಹೋಗುತ್ತವೆ.

ಆದರೆ ಕಾವಿಗೆ ಕೂತ ಹೇಂಟೆ ಹೀಗೆ ಕಾಯುವುದಿಲ್ಲ. ಅದರ ಹೊಟ್ಟೆಯಡಿಯ ಗರಿ ಉದುರಿ ಬರೀ ಚರ್ಮ ಮೊಟ್ಟೆಗೆ ತಾಗುತ್ತದೆ. ದಿನಕ್ಕೊಮ್ಮೆ ಎದ್ದು ಹೋಗಿ ಕಾಳು ತಿಂದು, ನೀರು ಕುಡಿದು, ಧೂಳಿನಲ್ಲಿ ಹೊರಳಿ ಬರುತ್ತದೆ. ಅಷ್ಟರಲ್ಲಿ ಮೊಟ್ಟೆ ತಣಿದಿರುತ್ತದೆ. ಬುಟ್ಟಿಯ ಅಂಚಿನ ಮೊಟ್ಟೆ ನಡುವಿಗೆ ಬರುತ್ತದೆ, ನಡುವಿನದು ಅಂಚಿಗೆ ಹೋಗುತ್ತದೆ. ಮಾಘದಲ್ಲಿ ಕೂತ ಕೋಳಿಯ ಮೊಟ್ಟೆಗೂ ವೈಶಾಖದಲ್ಲಿ ಕೂತ ಕೋಳಿಯ ಮೊಟ್ಟೆಗೂ ಸಿಕ್ಕ ಶಾಖದ ಏರಿಳಿತ ಒಂದೇ ಅಲ್ಲ. ಹೊರಗಿನ ಋತುವಿನ ಸುಳಿವು ಚಿಪ್ಪನ್ನು ದಾಟಿ ಒಳಗೆ ಹೋಗುತ್ತದೆ.

ಯಂತ್ರ ಆ ಸುಳಿವನ್ನು ಅಳಿಸಿಹಾಕಿತು. ಅದಕ್ಕೆ ಒಪ್ಪಿಸಿದ್ದು ಒಂದೇ ಕೆಲಸ, ನೂರು ಮೊಟ್ಟೆಗೆ ಆದಷ್ಟು ಹೆಚ್ಚು ಮರಿ. ಅದನ್ನು ಚೆನ್ನಾಗಿಯೇ ಮಾಡಿತು. ಹುಟ್ಟಿದ ಮರಿ ಮುಂದೆ ಯಾವ ಊರಿನ ಬಿಸಿಲಲ್ಲಿ ಬದುಕಬೇಕು ಎಂದು ಬಹಳ ಕಾಲ ಯಾರೂ ಕೇಳಲಿಲ್ಲ.

> ತಂದೆತಾಯಿಯ ಕೂಗು ಕೇಳಿಸಿಕೊಂಡ ಭ್ರೂಣ
>
> ಆಸ್ಟ್ರೇಲಿಯಾದ ಜೀಬ್ರಾ ಫಿಂಚ್ ಒಂದು ಪುಟ್ಟ ಹಕ್ಕಿ. ಕಾವಿನ ಕೊನೆಯ ಐದು ದಿನಗಳಲ್ಲಿ ಹೊರಗಿನ ಶಾಖ 26 ಡಿಗ್ರಿ ಮೀರಿದರೆ ತಂದೆತಾಯಿ ಮೊಟ್ಟೆಗಳಿಗೆ ಕೇಳಿಸುವಂತೆ ಒಂದು ವಿಶೇಷ ಕೂಗು ಹಾಕುತ್ತವೆ. ಡೀಕಿನ್ ವಿಶ್ವವಿದ್ಯಾಲಯದ ಮಿಲೀನ್ ಮೇರಿಯೆಟ್ ಮತ್ತು ಕ್ಯಾಥರೀನ್ ಬುಕನನ್ ಇದನ್ನು 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಆ ಕೂಗನ್ನು ಚಿಪ್ಪಿನೊಳಗಿದ್ದಾಗಲೇ ಕೇಳಿದ ಮರಿಗಳು ಬಿಸಿ ಗೂಡಿನಲ್ಲಿ ಸಣ್ಣ ಮೈಯಾಗಿ ಬೆಳೆದವು, ದೊಡ್ಡವಾದ ಮೇಲೆ ಬಿಸಿ ಜಾಗಗಳನ್ನೇ ಹೆಚ್ಚಾಗಿ ಆರಿಸಿಕೊಂಡವು. ಸಣ್ಣ ಮೈ ಬೇಗ ತಣಿಯುತ್ತದೆ.

ಏಳರಿಂದ ಹದಿನಾರು

ಎಳೆಯ ವಯಸ್ಸಿನ ಬಿಸಿ ಮುಂದೆ ರಕ್ಷಣೆ ಕೊಡುತ್ತದೆ ಎಂಬ ಸುಳಿವು ಮೊದಲು ಸಿಕ್ಕಿದ್ದು ಮೊಟ್ಟೆಯೊಡೆದು ಬಂದ ಮರಿಗಳಲ್ಲಿ. 1988ರಲ್ಲಿ ಅಮೆರಿಕದ ವರ್ಜೀನಿಯಾದ ಸಂಶೋಧಕರು ಐದು ದಿನದ ಬ್ರಾಯ್ಲರ್ (ಮಾಂಸದ ಕೋಳಿ) ಮರಿಗಳನ್ನು ಒಂದೇ ಒಂದು ದಿನ ಹೆಚ್ಚು ಬಿಸಿಯಲ್ಲಿಟ್ಟರು. ಮಾರಾಟದ ವಯಸ್ಸಿನಲ್ಲಿ ಶಾಖದ ಹೊಡೆತ ಬಿದ್ದಾಗ ಆ ತಂಡದಲ್ಲಿ ಸಾವು ಕಡಿಮೆಯಿತ್ತು. ಇಸ್ರೇಲಿನ ವೋಲ್ಕಾನಿ ಕೃಷಿ ಸಂಶೋಧನಾ ಕೇಂದ್ರದ ಶ್ಲೋಮೊ ಯಹಾವ್ ಈ ಎಳೆಯನ್ನು ಹಿಡಿದು 1990ರ ದಶಕದುದ್ದಕ್ಕೂ ಕೆಲಸ ಮಾಡಿದರು. ಸುಡುವ ಬೇಸಿಗೆಯ ಆ ದೇಶಕ್ಕೆ ಇದು ಮನೆಬಾಗಿಲಿನ ಸಮಸ್ಯೆ.

ಹುಟ್ಟಿದ ಮೇಲೆ ಇಷ್ಟಾಗುವುದಾದರೆ ಹುಟ್ಟುವ ಮುಂಚೆ? ಯೋಗೆವ್ ಪಿಯೆಸ್ತುನ್, ಯಹಾವ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗ ಇವತ್ತಿಗೂ ಈ ಕ್ಷೇತ್ರದ ಮೈಲುಗಲ್ಲು. ಬ್ರಾಯ್ಲರ್ ಮೊಟ್ಟೆಗಳನ್ನು ಮೂರು ಪಾಲು ಮಾಡಿದರು. ಒಂದಕ್ಕೆ ಮಾಮೂಲಿ 37.8 ಡಿಗ್ರಿ. ಉಳಿದೆರಡಕ್ಕೆ 7ನೇ ದಿನದಿಂದ 16ನೇ ದಿನದವರೆಗೆ 39.5 ಡಿಗ್ರಿ ಶಾಖ, 65 ಶೇಕಡಾ ತೇವ. ಅದರಲ್ಲಿ ಒಂದು ಪಾಲಿಗೆ ದಿನಕ್ಕೆ 12 ಗಂಟೆ ಮಾತ್ರ ಈ ಬಿಸಿ, ಇನ್ನೊಂದಕ್ಕೆ ಹಗಲೂ ರಾತ್ರಿ. ಬಿಸಿಯ ಜೊತೆ ತೇವವನ್ನೂ ಏರಿಸಿದ್ದಕ್ಕೆ ಕಾರಣವಿದೆ. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ, ಬಿಸಿ ಹೆಚ್ಚಾದರೆ ಒಳಗಿನ ನೀರು ಬೇಗ ಆರಿಹೋಗುತ್ತದೆ.

24 ಗಂಟೆಯೂ ಬಿಸಿ ತಿಂದ ಪಾಲಿನಲ್ಲಿ ಮರಿಯಾಗುವ ಪ್ರಮಾಣವೂ ಮರಿಗಳ ತೂಕವೂ ಕುಸಿಯಿತು. 12 ಗಂಟೆಯ ಪಾಲು ಮಾಮೂಲಿ ಪಾಲಿನಷ್ಟೇ ಚೆನ್ನಾಗಿ ಮರಿಯಾಯಿತು. ಹುಟ್ಟಿದಾಗ ಆ ಮರಿಗಳ ಮೈಶಾಖ ಮಾತ್ರ ಮಾಮೂಲಿ ಮರಿಗಳಿಗಿಂತ ಕಡಿಮೆ. 35ನೇ ದಿನ ಕೋಳಿಗಳನ್ನು 35 ಡಿಗ್ರಿ ಬಿಸಿಯಲ್ಲಿ ಐದು ಗಂಟೆ ಇಟ್ಟು ನೋಡಿದಾಗ, ಚಿಪ್ಪಿನೊಳಗೆ ಬಿಸಿ ಕಂಡವು ಆ ಹೊಡೆತವನ್ನು ಹೆಚ್ಚು ಚೆನ್ನಾಗಿ ತಾಳಿಕೊಂಡವು.

ನನಗೆ ಇಲ್ಲಿ ಅತ್ಯಂತ ಮುಖ್ಯವೆನಿಸುವುದು ಆ ದಿನಗಳ ಆಯ್ಕೆ. ಮೊದಲ ವಾರದಲ್ಲಿ ಭ್ರೂಣದ ಅಂಗಗಳು ಮೂಡುತ್ತಿರುತ್ತವೆ. ಆಗ ಬಿಸಿ ಕೊಟ್ಟರೆ ಅಂಗವಿಕಾರ, ಸಾವು. ಕೊನೆಯ ದಿನಗಳಲ್ಲಿ ಭ್ರೂಣ ತನ್ನ ಶಾಖವನ್ನು ತಾನೇ ಉತ್ಪಾದಿಸುತ್ತದೆ, ಚಿಪ್ಪು ಸುತ್ತಲಿನ ಗಾಳಿಗಿಂತ ಬಿಸಿಯಾಗಿರುತ್ತದೆ. ಆಗ ಮತ್ತಷ್ಟು ಶಾಖ ಸೇರಿಸಿದರೆ ಹೊಕ್ಕುಳು ಸರಿಯಾಗಿ ಮುಚ್ಚಿಕೊಳ್ಳದ, ನಿತ್ರಾಣದ ಮರಿಗಳು ಹೊರಬರಬಹುದು. ಈ ಎರಡರ ನಡುವಿನ ಅವಧಿಯಲ್ಲಿ ಎರಡು ಮುಖ್ಯ ವ್ಯವಸ್ಥೆಗಳು ಕಣ್ಣು ಬಿಡುತ್ತವೆ. ಒಂದು, ಮಿದುಳಿನ ಹೈಪೊಥಲಾಮಸ್‌ನಿಂದ ಥೈರಾಯ್ಡ್‌ವರೆಗಿನ ಸರಪಳಿ. ಮೈ ಎಷ್ಟು ಬಿಸಿ ಹುಟ್ಟಿಸಬೇಕು ಎನ್ನುವುದು ಅದರ ಕೈಯಲ್ಲಿದೆ. ಇನ್ನೊಂದು, ಅದೇ ಹೈಪೊಥಲಾಮಸ್‌ನಿಂದ ಅಡ್ರಿನಲ್ ಗ್ರಂಥಿಯವರೆಗಿನದು. ಒತ್ತಡ ಬಂದಾಗ ಎಷ್ಟು ಗಾಬರಿಯಾಗಬೇಕು ಎಂದು ನಿರ್ಧರಿಸುವುದು ಇದು.

ಹಾರ್ಮೋನಿಯಂ ಮಾಡುವವನು ಪೆಟ್ಟಿಗೆ ಮುಚ್ಚುವ ಮುಂಚೆ ಒಂದೊಂದು ರೀಡನ್ನೂ ಕೆರೆದು ಶ್ರುತಿಗೆ ತರುತ್ತಾನೆ, ಆಮೇಲೆ ನುಡಿಸುವವನ ಕೈಯಲ್ಲಿ ಆ ಶ್ರುತಿ ಬದಲಾಗದು. ಭ್ರೂಣದ ಈ 10 ದಿನಗಳ ಕೆಲಸವೂ ಹಾಗೆಯೇ. ಶ್ರುತಿ ಕೂರುವ ಹೊತ್ತಿನಲ್ಲಿ ಹದವಾದ ಬಿಸಿ ಕಂಡ ಕೋಳಿಯ ಥೈರಾಯ್ಡ್ ಹಾರ್ಮೋನ್ ಕೆಳಮಟ್ಟದಲ್ಲಿ ನಿಲ್ಲುತ್ತದೆ, ಮೈಯೊಳಗೆ ಹುಟ್ಟುವ ಬಿಸಿಯೇ ಕಡಿಮೆಯಾಗುತ್ತದೆ. ಒತ್ತಡದ ಹಾರ್ಮೋನಾದ ಕಾರ್ಟಿಕೊಸ್ಟೆರಾನ್ ಕೂಡ ಅಷ್ಟಾಗಿ ಏರುವುದಿಲ್ಲ. ಗರಿಯಿಲ್ಲದ ಮುಖ, ಜುಟ್ಟು, ಕಾಲುಗಳ ಮೂಲಕ ಶಾಖ ಹೊರಹಾಕುವ ಬಗೆಯೂ ಬದಲಾಗುವುದನ್ನು ವೋಲ್ಕಾನಿ ತಂಡ ಶಾಖ ಹಿಡಿಯುವ ಕ್ಯಾಮೆರಾದಿಂದ ಪರಿಶೀಲಿಸಿತು.

ಜೀನಿನ ಮೇಲಿನ ಗುರುತು

ಹತ್ತು ದಿನದ ಅನುಭವ ತಿಂಗಳ ನಂತರವೂ ಉಳಿಯುವುದು ಎಲ್ಲಿ? ಜೀವಕೋಶಗಳು ಹೊಸತಾಗುತ್ತಲೇ ಇರುತ್ತವಲ್ಲ.

ಈ ಪ್ರಶ್ನೆಗೆ ಹತ್ತಿರದ ಒಂದು ಕತೆ 1960ರ ದಶಕದ ಆರಂಭದ್ದು. ಇಟಲಿಯ ಫೆರುಚ್ಚೊ ರಿತೋಸ್ಸ ಹಣ್ಣುನೊಣದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ವರ್ಣತಂತುಗಳ ಮೇಲೆ ಹಿಂದೆಂದೂ ಕಾಣದ ಉಬ್ಬುಗಳು ಕಂಡವು. ಪ್ರಯೋಗಾಲಯದಲ್ಲಿ ಯಾರೋ ಇನ್‌ಕ್ಯುಬೇಟರಿನ ಶಾಖ ಏರಿಸಿಬಿಟ್ಟಿದ್ದರು. ಬಿಸಿ ತಾಗಿದೊಡನೆ ಕೆಲವು ಜೀನ್‌ಗಳು ಎಚ್ಚೆತ್ತಿದ್ದವು. 1962ರಲ್ಲಿ ರಿತೋಸ್ಸ ಇದನ್ನು ಪ್ರಕಟಿಸಿದರು. ಆ ಜೀನ್‌ಗಳು ತಯಾರಿಸುವ ಹೀಟ್ ಶಾಕ್ ಪ್ರೋಟೀನ್‌ಗಳು ಬಿಸಿಗೆ ಮುದುಡುವ ಇತರ ಪ್ರೋಟೀನ್‌ಗಳನ್ನು ಹಿಡಿದು ಸರಿಪಡಿಸುತ್ತವೆ ಎಂಬುದು ಆಮೇಲೆ ತಿಳಿಯಿತು. ಕೋಳಿಯಲ್ಲೂ ಅವಿವೆ, ನಮ್ಮಲ್ಲೂ ಇವೆ.

ಭ್ರೂಣ ಕಂಡ ಬಿಸಿ ಜೀನಿನ ಅಕ್ಷರಗಳನ್ನು ತಿದ್ದುವುದಿಲ್ಲ. ಯಾವ ಜೀನ್ ಎಷ್ಟು ಸುಲಭವಾಗಿ ತೆರೆದುಕೊಳ್ಳಬೇಕು ಎಂಬ ರಾಸಾಯನಿಕ ಗುರುತುಗಳನ್ನು ಅದು ಬದಲಿಸುತ್ತದೆ. ಡಿಎನ್‌ಎ ಮೇಲೆ ಕೂರುವ ಮೀಥೈಲ್ ಗುಂಪು, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನಿನ ಮೇಲಿನ ಗುರುತು, ಹೀಗೆ. ಕಾವಿನಲ್ಲಿ ಬಿಸಿ ಕಂಡ ಕೋಳಿಗಳ ಹೈಪೊಥಲಾಮಸ್‌ನಲ್ಲಿ ಹಿಸ್ಟೋನ್ ಗುರುತುಗಳು ಬದಲಾಗಿರುವುದನ್ನು ಫ್ರಾನ್ಸಿನ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2019ರಲ್ಲಿ ತೋರಿಸಿದರು.

ನಮ್ಮ ಪಕ್ಕದ ಹೈದರಾಬಾದಿನಲ್ಲೂ ಈ ಕೆಲಸ ನಡೆದಿದೆ. ಅಲ್ಲಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದ ವಿಜ್ಞಾನಿಗಳೂ ಪಾಲ್ಗೊಂಡು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಾವಿನ ಶಾಖ ಏರಿಸಿ ಪಡೆದ ಕೋಳಿಗಳ ಹೀಟ್ ಶಾಕ್ ಪ್ರೋಟೀನ್ ಜೀನ್‌ಗಳ ಚಟುವಟಿಕೆಯನ್ನೂ ಅವುಗಳ ಮೇಲಿನ ಮೀಥೈಲ್ ಗುರುತುಗಳನ್ನೂ ಪರೀಕ್ಷಿಸಿತು. ಕಲ್ಯಾಣ ಕರ್ನಾಟಕದಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದಲ್ಲಿ ಇಂಥ ತಿಳಿವಳಿಕೆ ಇದೆ.

ಇನ್ನೊಂದು ಸಂಗತಿ ಇದಕ್ಕಿಂತ ಅಚ್ಚರಿಯದು. ಭ್ರೂಣವಾಗಿದ್ದಾಗ ಬಿಸಿ ಕಂಡ ಕೋಳಿಗಳಿಗೆ ಹುಟ್ಟಿದ, ತಾವು ಅಂಥ ಬಿಸಿಯನ್ನೇ ಕಾಣದ ಮರಿಗಳಲ್ಲೂ ಶಾಖ ತಾಳುವ ಗುಣ ಹೆಚ್ಚಿತ್ತು ಎಂದು ವೋಲ್ಕಾನಿಯ ನೋಮ್ ಮೆಯಿರಿ ತಂಡ 2022ರಲ್ಲಿ ವರದಿ ಮಾಡಿತು. ಇದು ಬೇರೆ ತಳಿಗಳಲ್ಲೂ ಗಟ್ಟಿಯಾಗಿ ನಿಂತರೆ ಹ್ಯಾಚರಿಯ ಲೆಕ್ಕಾಚಾರವೇ ಬದಲಾಗುತ್ತದೆ. ಕೋಟಿಗಟ್ಟಲೆ ಮೊಟ್ಟೆಗೆ ಬಿಸಿ ಕೊಡುವ ಬದಲು, ತಾಯಿ ಕೋಳಿಗಳ ಸಣ್ಣ ತಂಡವೊಂದಕ್ಕೆ ಕೊಟ್ಟರೆ ಸಾಕಾದೀತು.

ಲೇಯರ್ ಬೇರೆ, ಬ್ರಾಯ್ಲರ್ ಬೇರೆ

ಇಲ್ಲಿಯವರೆಗಿನ ಕತೆಯ ನಾಯಕ ಹೆಚ್ಚಾಗಿ ಬ್ರಾಯ್ಲರ್. ಆರು ವಾರದ ಬಾಳು ಅದರದು. ಮೊಟ್ಟೆಯಿಡುವ ಕೋಳಿ 72 ವಾರ, ಈಗೀಗ ಅದಕ್ಕಿಂತಲೂ ಹೆಚ್ಚು ಕಾಲ ಶೆಡ್ಡಿನಲ್ಲಿರುತ್ತದೆ. ಒಂದು ಪೂರ್ತಿ ಬೇಸಿಗೆಯಂತೂ ಖಂಡಿತ, ಹಲವಕ್ಕೆ ಎರಡನೆಯ ಬೇಸಿಗೆಯ ಬಿಸಿಯೂ ತಾಗುತ್ತದೆ. ಚಿಪ್ಪಿನೊಳಗಿನ 10 ದಿನಗಳ ಪಾಠ ಅಷ್ಟು ದೂರ ಬಾಳುತ್ತದೆಯೇ ಎಂಬುದೇ ಮೊದಲ ಅನುಮಾನ.

ಎರಡನೆಯದು ಮೊಟ್ಟೆಯ ಲೆಕ್ಕ. ಒಳ್ಳೆಯ ಲೇಯರ್ ಕೋಳಿ 72 ವಾರದೊಳಗೆ 300ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಅಷ್ಟು ದುಡಿಯುವ ಮೈಗೆ ಥೈರಾಯ್ಡ್ ಬೇಕೇ ಬೇಕು. ಒಲೆಯ ಉರಿ ತಗ್ಗಿಸಿ ಬಿಸಿಲಿನಿಂದ ಉಳಿಸಹೋದರೆ ಉಳಿದ ಹತ್ತು ತಿಂಗಳ ಮೊಟ್ಟೆಗೆ ಕುತ್ತು ಬರಬಾರದಲ್ಲ?

ಮೂರನೆಯದು ಭ್ರೂಣದ್ದೇ ವ್ಯತ್ಯಾಸ. ಬ್ರಾಯ್ಲರ್ ಭ್ರೂಣ ವೇಗವಾಗಿ ಬೆಳೆಯುತ್ತದೆ, ಹೆಚ್ಚು ಶಾಖ ಹುಟ್ಟಿಸುತ್ತದೆ. ಲೇಯರ್ ಭ್ರೂಣ ನಿಧಾನ. ಒಂದಕ್ಕೆ ಹದವಾದ ಬಿಸಿ, ಅದೇ ದಿನ, ಅದೇ ಗಂಟೆ ಇನ್ನೊಂದಕ್ಕೆ ಹದವಾಗಬೇಕೆಂದಿಲ್ಲ.

ನೆದರ್ಲೆಂಡ್ಸಿನ ವಾಗೆನಿಂಗೆನ್‌ನ ಸಂಶೋಧಕರು 2010ರಲ್ಲಿ ಲೇಯರ್ ಭ್ರೂಣಗಳ ಮೇಲೆಯೇ ಶಾಖದ ಏರಿಳಿತದ ಪ್ರಯೋಗ ಪ್ರಕಟಿಸಿದರು. ಟರ್ಕಿಯ ತಂಡವೊಂದು ಇನ್ನೂ ಮುಂದೆ ಹೋಗಿ, ಹಾಗೆ ಹುಟ್ಟಿದ ಮರಿಗಳನ್ನು ಮೊಟ್ಟೆಯಿಡುವ ವಯಸ್ಸಿನವರೆಗೆ ಸಾಕಿ, ಆಗ ಬಿಸಿಗೂ ಚಳಿಗೂ ಒಡ್ಡಿ ನೋಡಿದ್ದನ್ನು 2015ರಲ್ಲಿ ವರದಿ ಮಾಡಿತು. ಬ್ರಾಯ್ಲರ್‌ನಲ್ಲಿ ಸಿಕ್ಕಷ್ಟು ನೇರವಾದ ಉತ್ತರ ಲೇಯರ್‌ನಲ್ಲಿ ಸಿಕ್ಕಿಲ್ಲ. ತಳಿ, ದಿನ, ಗಂಟೆ, ಡಿಗ್ರಿ ಎಲ್ಲವೂ ಫಲಿತಾಂಶವನ್ನು ಅತ್ತಿತ್ತ ಎಳೆಯುತ್ತವೆ. ಇದನ್ನು ಪವಾಡವೆಂದು ಮಾರಲು ಬರುವವರನ್ನು ರೈತರು ನಂಬಬಾರದು. ಆದರೆ ಕೈಬಿಡುವಷ್ಟು ದುರ್ಬಲವಾದ ದಾರಿಯೂ ಇದಲ್ಲ. ದುಬಾರಿ ಶೆಡ್ಡಿಗೆ ಹೋಲಿಸಿದರೆ ಇದಕ್ಕೆ ತಗಲುವ ಖರ್ಚು ತೀರಾ ಕಡಿಮೆ. ಆ ಖರ್ಚೂ ಹ್ಯಾಚರಿಯಲ್ಲೇ ಮುಗಿಯುತ್ತದೆ, ರೈತನ ಮನೆಬಾಗಿಲಿಗೆ ಬರುವುದಿಲ್ಲ.

> ಕುತ್ತಿಗೆಯಲ್ಲಿ ಗರಿಯಿಲ್ಲದ ಕೋಳಿ
>
> ಬಿಸಿಲಿಗೆ ತಳಿಯ ಉತ್ತರವೂ ಉಂಟು. ಕುತ್ತಿಗೆ ಬೋಳಾದ ನಾಟಿ ಕೋಳಿಗಳು ಕೇರಳ, ಅಂಡಮಾನ್ ಮೊದಲಾದ ಕಡೆ ಇವೆ. ಇದಕ್ಕೆ ಕಾರಣವಾದ ಜೀನಿನ ಒಂದು ಪ್ರತಿ ಇದ್ದರೆ ಮೈಗರಿ ಸುಮಾರು 20 ಶೇಕಡಾ ಕಡಿಮೆ, ಎರಡಿದ್ದರೆ ಸುಮಾರು 40 ಶೇಕಡಾ. ಗರಿ ಕಡಿಮೆಯಾದಷ್ಟೂ ಶಾಖ ಸುಲಭವಾಗಿ ಹೊರಹೋಗುತ್ತದೆ. ಉತ್ತರ ಪ್ರದೇಶದ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಈ ಗುಣವನ್ನು ಬಳಸಿ ‘ಹಿತ್ಕಾರಿ’ ಎಂಬ ಕೋಳಿಯನ್ನು ರೂಪಿಸಿದೆ.

> ಹೆಣ್ಣೋ ಗಂಡೋ, ಶಾಖಕ್ಕೆ ಸಂಬಂಧವಿಲ್ಲ
>
> ಮೊಸಳೆಯ ಮರಿಗಳಲ್ಲಿ, ಹಲವು ಬಗೆಯ ಆಮೆಗಳಲ್ಲಿ ಕಾವಿನ ಶಾಖವೇ ಹೆಣ್ಣು ಗಂಡನ್ನು ನಿರ್ಧರಿಸುತ್ತದೆ. ಕೋಳಿಯಲ್ಲಿ ಹಾಗಿಲ್ಲ. ಲಿಂಗ ವರ್ಣತಂತುಗಳಿಂದಲೇ ತೀರ್ಮಾನವಾಗಿರುತ್ತದೆ, ಅದೂ ತಾಯಿ ಕೊಡುವ ವರ್ಣತಂತುವಿನಿಂದ. ಕಾವಿನ ಬಿಸಿ ಹೆಚ್ಚಿಸಿ ಹೆಣ್ಣು ಮರಿಗಳನ್ನೇ ಪಡೆಯಬಹುದು ಎಂಬ ಮಾತಿಗೆ ಆಧಾರವಿಲ್ಲ.

ಕರೆಂಟು ಹೋದ ಹ್ಯಾಚರಿ

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಬೇಸಿಗೆಯಲ್ಲಿ ಕರೆಂಟು ಕೈಕೊಟ್ಟು, ಯಂತ್ರದ ಫ್ಯಾನು ನಿಂತು, ಒಳಗಿನ ಮೊಟ್ಟೆಗಳು ತಮ್ಮದೇ ಬಿಸಿಯಲ್ಲಿ ಬೇಯುವುದಕ್ಕೂ ಈ ಪ್ರಯೋಗಕ್ಕೂ ಯಾವ ಸಂಬಂಧವೂ ಇಲ್ಲ. ಇಲ್ಲಿ ಕೊಡುವ ಬಿಸಿಗೆ ದಿನ ಗೊತ್ತು, ಗಂಟೆ ಗೊತ್ತು, ಎಲ್ಲಿ ನಿಲ್ಲಿಸಬೇಕೆಂದು ಗೊತ್ತು. 24 ಗಂಟೆಯ ಪಾಲಿಗೆ ಏನಾಯಿತು ಎಂಬುದನ್ನು ಆಗಲೇ ಕಂಡೆವು. ಮನೆಯಲ್ಲಿ ಸಣ್ಣ ಇನ್‌ಕ್ಯುಬೇಟರ್ ಇಟ್ಟುಕೊಂಡು ನಾಟಿ ಕೋಳಿ ಮರಿ ಮಾಡಿಸುವವರು ಅಗ್ಗದ ಥರ್ಮೋಸ್ಟಾಟ್ ನಂಬಿ ಇದನ್ನು ಮಾಡಲು ಹೋಗಬಾರದು. ಆ ಯಂತ್ರಗಳಲ್ಲಿ ಒಂದು ಮೂಲೆಗೂ ಇನ್ನೊಂದು ಮೂಲೆಗೂ ಇರುವ ವ್ಯತ್ಯಾಸವೇ ಒಂದೆರಡು ಡಿಗ್ರಿ ಆಗಿಬಿಡಬಹುದು.

ಅವರು ಇವತ್ತೇ ಸರಿಪಡಿಸಿಕೊಳ್ಳಬಹುದಾದದ್ದು ಬೇರೆ ಇದೆ: ಕಾವಿಗೆ ಇಡುವ ಮುಂಚಿನ ದಿನಗಳು. ಮೊಟ್ಟೆಯೊಳಗಿನ ಬೆಳವಣಿಗೆ ತಟಸ್ಥವಾಗಿರಬೇಕಾದರೆ ಶಾಖ 20, 21 ಡಿಗ್ರಿಗಿಂತ ಕೆಳಗಿರಬೇಕು. ಹ್ಯಾಚರಿಗಳು 15ರಿಂದ 18 ಡಿಗ್ರಿಯಲ್ಲಿ ಮೊಟ್ಟೆ ಕೂಡಿಡುತ್ತವೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಅಡುಗೆಮನೆಯ ಗೂಡಿನಲ್ಲಿ ವಾರಗಟ್ಟಲೆ ಇಟ್ಟ ಮೊಟ್ಟೆಗೆ 35 ಡಿಗ್ರಿ ತಾಗುತ್ತಿರುತ್ತದೆ. ಭ್ರೂಣ ಅರೆಬರೆ ಬೆಳೆಯತೊಡಗುತ್ತದೆ, ಹಾದಿಯಲ್ಲೇ ಸಾಯುತ್ತದೆ. ಆಮೇಲೆ ಮರಿಯಾಗಲಿಲ್ಲವೆಂದು ಗುಡುಗನ್ನು ದೂರಿ, ಬುಟ್ಟಿಯಲ್ಲಿ ಕಬ್ಬಿಣದ ಚೂರು ಇಡುವವರಿದ್ದಾರೆ. ಬಿಸಿಲುಗಾಲದಲ್ಲಿ ಮೊಟ್ಟೆಗಳನ್ನು ಬೇಗ ಕಾವಿಗಿಡುವುದು, ಅಲ್ಲಿಯವರೆಗೆ ಒದ್ದೆ ಮರಳಿನ ಮೇಲಿಟ್ಟ ಮಡಕೆಯಲ್ಲಿ ತಂಪಾಗಿ ಕಾಯುವುದು ಕಬ್ಬಿಣಕ್ಕಿಂತ ಹೆಚ್ಚು ಮರಿ ಉಳಿಸುತ್ತದೆ.

ಇಲ್ಲಿ ಯಾರು ಮಾಡಬೇಕು

ಕರ್ನಾಟಕಕ್ಕೆ ಈ ವಿಷಯ ದೂರದ್ದಲ್ಲ. ಸರ್ಕಾರಿ ಶಾಲೆಯ ಮಕ್ಕಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಆರಂಭದ ಜಿಲ್ಲೆಗಳಲ್ಲಿ ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ, ಕೊಪ್ಪಳ ಇದ್ದವು. ಮಕ್ಕಳ ಅಪೌಷ್ಟಿಕತೆ ಹೆಚ್ಚಿರುವುದೂ ಅಲ್ಲೇ, ಬಿಸಿಲು ಹೆಚ್ಚಿರುವುದೂ ಅಲ್ಲೇ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1980ರ ದಶಕದ ಕೊನೆಯಲ್ಲಿ ‘ಗಿರಿರಾಜ’ವನ್ನು ಕೊಟ್ಟಿತು, ಆಮೇಲೆ ‘ಸ್ವರ್ಣಧಾರಾ’ವನ್ನು. ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕುವ ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಸೇರುವಂತೆ ಮಾಡಿದ ಕೋಳಿಗಳಿವು. ಈ ಮರಿಗಳಿಗೆ ಫಾಗರ್ ಇಲ್ಲ, ಫ್ಯಾನ್ ಇಲ್ಲ. ಬೇವಿನ ನೆರಳೇ ಎಲ್ಲ. ಹುಟ್ಟುವ ಮುಂಚಿನ ಸಿದ್ಧತೆಯಿಂದ ಯಾರಿಗಾದರೂ ಹೆಚ್ಚು ಲಾಭವಾಗುವುದಿದ್ದರೆ ಮೊದಲು ಇವರಿಗೆ.

ಹೊಸ ಯಂತ್ರವೇನೂ ಬೇಡ. ಸರ್ಕಾರದ ಒಂದು ಹ್ಯಾಚರಿ, ಶಾಖವನ್ನು ದಶಾಂಶದವರೆಗೆ ಹಿಡಿದಿಡುವ ಎರಡು ಯಂತ್ರಗಳು, ಒಂದೇ ತಾಯಿ ತಂಡದ ಮೊಟ್ಟೆಗಳು. ಅರ್ಧಕ್ಕೆ ಮಾಮೂಲಿ ಕಾವು, ಅರ್ಧಕ್ಕೆ ಬಿಸಿ ಕಾವು. ಹುಟ್ಟಿದ ಮರಿಗಳಿಗೆ ಬೇರೆ ಬೇರೆ ಬಣ್ಣದ ರೆಕ್ಕೆ ಪಟ್ಟಿ ಹಾಕಿ ರಾಯಚೂರಿಗೂ ಕಳಿಸಬೇಕು, ಚಿಕ್ಕಮಗಳೂರಿಗೂ ಕಳಿಸಬೇಕು. ಬಿಸಿಲಲ್ಲಿ ಉಳಿದು, ತಂಪಿನಲ್ಲಿ ಮೊಟ್ಟೆ ಕಡಿಮೆಯಾದರೆ ಅದೂ ಗೊತ್ತಾಗಬೇಕು. 72 ವಾರ ಮುಗಿಯುವವರೆಗೂ ಮೊಟ್ಟೆ, ಚಿಪ್ಪಿನ ದಪ್ಪ, ಸಾವು ಇವುಗಳ ದಾಖಲೆ ಇಡಬೇಕು. ಲೇಯರ್‌ಗಳಲ್ಲಿ ಉತ್ತರ ಗಟ್ಟಿಯಾಗದಿರಲು ಇಷ್ಟು ದೀರ್ಘವಾಗಿ, ನಿಜವಾದ ಬಿಸಿಲಿನಲ್ಲಿ ಬೆನ್ನುಹತ್ತಿ ನೋಡದಿರುವುದೂ ಒಂದು ಕಾರಣವೆಂದು ನನಗನ್ನಿಸುತ್ತದೆ.

ಯಾವ ತಿಂಗಳಲ್ಲಿ ಶುರು ಮಾಡಬೇಕು ಎಂಬುದನ್ನು ಕೋಳಿಯ ವಯಸ್ಸೇ ಹೇಳುತ್ತದೆ. ಲೇಯರ್ ಮೊಟ್ಟೆಗೆ ಬರುವುದು 18ರಿಂದ 20 ವಾರಕ್ಕೆ, ಮೊಟ್ಟೆಯ ಪ್ರಮಾಣ ಏರುವ ಮುಂದಿನ ಕೆಲವು ವಾರಗಳೇ ಅದರ ಮೈಗೆ ಅತಿ ಕಠಿಣ. ಡಿಸೆಂಬರ್ ಮಧ್ಯದಲ್ಲಿ ಒಡೆದ ಮರಿ ಸರಿಯಾಗಿ ಏಪ್ರಿಲ್ ಕೊನೆಗೆ, ಮೇ ಮೊದಲಿಗೆ ಆ ಹಂತ ತಲುಪುತ್ತದೆ. ಅಂದರೆ ನವೆಂಬರ್ ಕೊನೆಯ ವಾರದಲ್ಲಿ ಕಾವಿಗೆ ಇಡುವ ತಂಡವೇ ಈ ಪರೀಕ್ಷೆಗೆ ತಕ್ಕದ್ದು. ಈ ಬೇಸಿಗೆಯಲ್ಲಿ ಬಾಯಿ ಬಿಡುತ್ತಿರುವ ಕೋಳಿಗಳಿಗೆ ನೆರಳು, ತಣ್ಣನೆಯ ನೀರು, ಸಂಜೆಯ ಮೇವು ಇವೇ ಗತಿ. ಬರುವ ಬೇಸಿಗೆಯ ಕೋಳಿಗಳಿಗೆ ಹ್ಯಾಚರಿಯಲ್ಲಿ ಯಂತ್ರ ಕಾದಿರಿಸಲು ಇನ್ನೂ ಆರು ತಿಂಗಳಿದೆ.